ನನ್ನ ಇಪ್ಪತ್ತೆರಡು ನಿಮಿಷಗಳ ಭಕ್ತಿ

ಇದನ್ನು ಬರೆಯಲು ಕೂತಾಗ ನನ್ನ ಸೊಂಟದ ಹಿಂದೆ ಒಂದು ದಿಂಬಿದೆ. ನೇರಳೆ ಬಣ್ಣದ ಮಖಮಲ್ಲು, ಅಂಚಿಗೆ ಬಂಗಾರದ ಲೇಸು, ನಟ್ಟನಡುವೆ ಬಿಳಿ ದಾರದಲ್ಲಿ ಕಸೂತಿ ಹಾಕಿದ ಎರಡು ಪದಗಳು: 'ಪ್ರಾರ್ಥನಾ ವೀರ'. ಇದನ್ನು ಹೊಲಿದದ್ದು ಸೊಂಟಕ್ಕಲ್ಲ, ಮಂಡಿಗೆ. ನಮ್ಮ ಚರ್ಚಿನ ಮಹಿಳಾ ಸಂಘದವರು ಮೂರು ವಾರ ಕಷ್ಟಪಟ್ಟು ಹೊಲಿದು, ಆರಾಧನೆ ಮುಗಿದ ಮೇಲೆ ಎಲ್ಲರೆದುರಿಗೆ ಚಪ್ಪಾಳೆ ತಟ್ಟಿ ನನ್ನ ಕೈಗಿಟ್ಟರು. ಮನೆಗೆ ಬಂದ ನೆಂಟರು ಅದನ್ನು ಓದಿ ನನ್ನ ಮುಖ ನೋಡುತ್ತಾರೆ. ನಾನು ಕಿಟಕಿ ನೋಡುತ್ತೇನೆ. ನನ್ನ ಹೆಂಡತಿ ಕರುಣಾ ಅಡುಗೆಮನೆಯಲ್ಲೇ ನಗುವುದು ಕೇಳಿಸುತ್ತದೆ.

ಈ ದಿಂಬು ನನಗೆ ಹೇಗೆ ಬಂತು ಎಂದು ಹೇಳಬೇಕಾದರೆ ನನ್ನ ಮರ್ಯಾದೆಯನ್ನು ಸ್ವಲ್ಪ ಬದಿಗಿಡಬೇಕಾಗುತ್ತದೆ. ಅದೇನೂ ದೊಡ್ಡ ನಷ್ಟವಲ್ಲ ಬಿಡಿ. ಪೀಣ್ಯದ ಒಂದು ನಟ್ಟು ಬೋಲ್ಟಿನ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿರುವ ಐವತ್ತನಾಲ್ಕರ ಮನುಷ್ಯನಿಗೆ ಎಷ್ಟು ಮರ್ಯಾದೆ ಇದ್ದೀತು? ಹೆಸರು ಶಾಂತಕುಮಾರ. ಚರ್ಚಿನಲ್ಲಿ ಶಾಂತಣ್ಣ. ಮನೆ ಟಿ. ದಾಸರಹಳ್ಳಿಯಲ್ಲಾದರೂ ಭಾನುವಾರ ಮಾತ್ರ ಹುಟ್ಟಿ ಬೆಳೆದ ಮತ್ತಿಕೆರೆಯ ಚರ್ಚಿಗೇ ಹೋಗುತ್ತೇವೆ. ಬೇರೆ ಚರ್ಚಿಗೆ ಹೋದರೆ ಅಲ್ಲಿ ಯಾರ ಮೇಲೆ ಯಾರಿಗೆ ಮುನಿಸು ಎಂದು ಹೊಸದಾಗಿ ಕಲಿಯಬೇಕಲ್ಲ.

ಪ್ರಾರ್ಥನೆಯ ವಿಷಯದಲ್ಲಿ ನಾನು ಒಳ್ಳೆಯ ಮನೆತನದಿಂದಲೇ ಬಂದವನು. ನಮ್ಮಪ್ಪನ ಸಂಜೆಯ ಪ್ರಾರ್ಥನೆ ಮತ್ತಿಕೆರೆಯಲ್ಲಿ ಹೆಸರುವಾಸಿಯಾಗಿತ್ತು. ಆಗಿನ್ನೂ ಮತ್ತಿಕೆರೆ ಅರ್ಧ ಊರು, ಅರ್ಧ ಹೊಲ. ಕಾಲೇಜು ಹುಡುಗರಿಗೆ ರೂಮು ಕಟ್ಟಿ ಬಾಡಿಗೆಗೆ ಕೊಡುವ ಯೋಚನೆ ಯಾರಿಗೂ ಬಂದಿರಲಿಲ್ಲ. ಅವ್ವ ಮುದ್ದೆ ತೊಳಸಿ ತಟ್ಟೆ ಮುಚ್ಚಿಟ್ಟು ಬಂದು ಚಾಪೆಯ ಮೇಲೆ ಮಂಡಿಯೂರುತ್ತಿದ್ದಳು. ನಾವು ಮಕ್ಕಳು ಸಾಲಾಗಿ ಮಂಡಿಯೂರುತ್ತಿದ್ದೆವು. ಈಚಲು ಚಾಪೆಯ ಗೆರೆಗಳು ಮಂಡಿಗೆ ಅಚ್ಚೊತ್ತಿಕೊಂಡು ಊಟ ಮುಗಿದರೂ ಅಳಿಯುತ್ತಿರಲಿಲ್ಲ. ಅಪ್ಪ ದೇಶವನ್ನಾಳುವವರಿಂದ ಶುರು ಮಾಡಿ, ರಾಜ್ಯಕ್ಕೆ ಬಂದು, ಊರಿಗಿಳಿದು, ಆಮೇಲೆ ನೆಂಟರಿಷ್ಟರನ್ನು ಹಿರಿತನದ ಪ್ರಕಾರ ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ದೇವರಿಗೆ ಒಪ್ಪಿಸಿ, ಕೊನೆಗೆ ನಮ್ಮ ಎಮ್ಮೆಗೆ ಬರುತ್ತಿದ್ದ. ಎಮ್ಮೆಯ ಹೆಸರು ಕೇಳಿಸಿದರೆ ಮುದ್ದೆ ಹತ್ತಿರ ಬಂತು ಎಂದು ನಮಗೆ ಸಮಾಧಾನ. ಅಷ್ಟರೊಳಗೆ ನಾನು ನಿದ್ದೆಗೆ ಜಾರಿದರೆ ಅವ್ವ ತೊಡೆ ಚಿವುಟುತ್ತಿದ್ದಳು. ನಾನು 'ಆ' ಎಂದರೆ ಅಪ್ಪ ಅದನ್ನು ಆಮೆನ್ ಎಂದೇ ತಿಳಿದು ಇನ್ನಷ್ಟು ಹುರುಪಿನಿಂದ ಮುಂದುವರಿಸುತ್ತಿದ್ದ.

ಆ ಪಟ್ಟಿಯಲ್ಲಿ ಒಂದು ಗುಟ್ಟಿತ್ತು. ಅಪ್ಪನಿಗೆ ಯಾರ ಮೇಲಾದರೂ ಸಿಟ್ಟು ಬಂದರೆ ಅವರು ಪಟ್ಟಿಯಲ್ಲಿ ಕೆಳಗಿಳಿಯುತ್ತಿದ್ದರು. ಒಮ್ಮೆ ಚಿಕ್ಕಪ್ಪ ಹೇಳದೇ ಕೇಳದೇ ನಮ್ಮ ನುಗ್ಗೆಮರದ ಕೊಂಬೆ ಕಡಿದ. ಅವತ್ತು ಸಂಜೆ ಅವನು ನಮ್ಮ ಮನೆಯಲ್ಲೇ ಮಂಡಿಯೂರಿದ್ದ. ಅಪ್ಪ ಎಲ್ಲರ ಹೆಸರು ಹೇಳಿ, ಎಮ್ಮೆಯನ್ನೂ ಆಶೀರ್ವದಿಸಿ, ಆಮೇಲೆ, "ನನ್ನ ತಮ್ಮನನ್ನೂ ಮರೆಯಬೇಡ ಸ್ವಾಮಿ, ಅವನಿಗೆ ಬುದ್ಧಿ ಕೊಡು" ಎಂದ. ಚಿಕ್ಕಪ್ಪ ಕಣ್ಣು ಬಿಟ್ಟು, "ಎಮ್ಮೆ ಆದ್ಮೇಲೆ ನಾನಾ ಅಣ್ಣಾ?" ಎಂದ. ಅವತ್ತು ಆಮೆನ್ ಹೇಳುವವರೇ ಇರಲಿಲ್ಲ.

ಇಂಥ ಅಪ್ಪನ ಮಗನಾದ ನನಗೆ ಇನ್ನೊಬ್ಬರ ಪ್ರಾರ್ಥನೆಯನ್ನು ತೂಗಿ ನೋಡುವ ಚಟ ಚಿಕ್ಕಂದಿನಿಂದಲೇ ಅಂಟಿತು. ಎಲ್ಲರೂ ಕಣ್ಣು ಮುಚ್ಚಿದಾಗ ನಾನು ಕಿವಿ ನೆಟ್ಟಗೆ ಮಾಡುತ್ತೇನೆ. ಕೆಲವರು ದೇವರಿಗೆ ವಾರ್ತೆ ಓದುತ್ತಾರೆ. "ನಿನಗೆ ಗೊತ್ತಿರುವ ಹಾಗೆ ತಂದೆಯೇ, ಈ ವಾರ ಗೊರಗುಂಟೆಪಾಳ್ಯದಲ್ಲಿ ಟ್ರಾಫಿಕ್ ವಿಪರೀತವಾಗಿತ್ತು" ಎನ್ನುತ್ತಾರೆ. ಕೆಲವರು ನೋಟಿಸು ಕೊಡುತ್ತಾರೆ. "ಮುಂದಿನ ಶನಿವಾರ ಬೆಳಿಗ್ಗೆ ಹತ್ತೂವರೆಗೆ ನಡೆಯುವ ಯುವಜನರ ಕೂಟವನ್ನು, ಊಟದ ವ್ಯವಸ್ಥೆಯೂ ಇರುವ ಆ ಕೂಟವನ್ನು, ಆಶೀರ್ವದಿಸು." ಇನ್ನು ಕೆಲವರು ಎದುರಾಳಿಯನ್ನು ನೇರವಾಗಿ ಬೈಯಲು ಧೈರ್ಯವಿಲ್ಲದೆ ದೇವರ ಮೂಲಕ ಬೈಯುತ್ತಾರೆ. ಬೈಸಿಕೊಂಡವನು ಕಣ್ಣು ಮುಚ್ಚಿಕೊಂಡೇ ಕೆಂಪಾಗುತ್ತಾನೆ, ತನ್ನ ಸರದಿ ಬಂದಾಗ ದೇವರ ಮೂಲಕವೇ ಉತ್ತರ ಕೊಡುತ್ತಾನೆ. ಕೀಬೋರ್ಡ್ ಬಂದ ಮೇಲಂತೂ ಕೇಳಬೇಡಿ. ದನಿ ಏರಿದರೆ ಸಂಗೀತ ಏರುತ್ತದೆ, ದನಿ ನಡುಗಿದರೆ ಸಂಗೀತವೂ ನಡುಗುತ್ತದೆ.

ಆಮೇಲೆ ಕ್ಯಾಮೆರಾ ಬಂತು. ಕೊರೊನಾ ಕಾಲದಲ್ಲಿ ಮನೆಯಲ್ಲೇ ಕೂತು ಮೊಬೈಲಿನಲ್ಲಿ ಆರಾಧನೆ ನೋಡಿದೆವಲ್ಲ, ಆಗ ತಂದ ಕ್ಯಾಮೆರಾ ರೋಗ ಹೋದರೂ ಹೋಗಲಿಲ್ಲ. ಬ್ಯಾಂಕಿನಿಂದ ನಿವೃತ್ತರಾದ ಜಯರಾಜ್ ಸರ್ ಅದನ್ನು ನೋಡಿಕೊಳ್ಳುತ್ತಾರೆ. ಮೊದಲು ನಮ್ಮ ಜನ ಬಾಗಿಲ ಹತ್ತಿರದ ಹಿಂದಿನ ಬೆಂಚಿಗೆ ಮುಗಿಬೀಳುತ್ತಿದ್ದರು, ತಡವಾಗಿ ಬಂದು ಬೇಗ ಹೋಗಲು ಅನುಕೂಲ. ಈಗ ಎಡಗಡೆಯ ಮುಂದಿನ ಮೂರು ಸಾಲು ಬೆಳಿಗ್ಗೆಯೇ ಭರ್ತಿ. ಅದು ಕ್ಯಾಮೆರಾ ಸೈಡು. ಕುವೈತಿನಲ್ಲಿರುವ ನಾದಿನಿ ನೋಡುತ್ತಾಳೆ, ಹಾಸನದಲ್ಲಿರುವ ಬೀಗರು ನೋಡುತ್ತಾರೆ. ಹಾಗಾಗಿ ರೇಷ್ಮೆ ಸೀರೆಗಳೆಲ್ಲ ಎಡಕ್ಕೆ, ನೈಲಾನುಗಳೆಲ್ಲ ಬಲಕ್ಕೆ. ನಾನು ಇದನ್ನೆಲ್ಲ ನೋಡಿ ಕರುಣಾಳ ಹತ್ತಿರ ನಗಾಡುತ್ತಿದ್ದೆ. ಹೀಗೆ ನಗುವವನನ್ನು ದೇವರು ಸುಮ್ಮನೆ ಬಿಡುವುದಿಲ್ಲ ಎಂದು ಆಗ ಗೊತ್ತಿರಲಿಲ್ಲ.

ಆ ಭಾನುವಾರದ ಹಿಂದಿನ ರಾತ್ರಿ ನಾನು ನಿದ್ದೆಗೆಟ್ಟಿದ್ದೆ. ಯಾವ ಪುಣ್ಯಕಾರ್ಯಕ್ಕೂ ಅಲ್ಲ, ಕ್ರಿಕೆಟ್ಟಿಗೆ. ಬೆಳಿಗ್ಗೆ ಚರ್ಚಿಗೆ ಬರುವಷ್ಟರಲ್ಲಿ ತಡವಾಗಿ ಎಡಗಡೆಯ ಮೂರನೆಯ ಸಾಲಿನ ತುದಿಯಲ್ಲಿ ಮಾತ್ರ ಜಾಗವಿತ್ತು. ನಮ್ಮ ಅಯ್ಯನವರು, ಅಂದರೆ ಸಭಾಪಾಲಕರು, ನಿಜವಾದ ಆರಾಧನೆ ಎಂದರೇನು ಎಂಬ ಬಗ್ಗೆ ಪ್ರಸಂಗ ಮಾಡಿದರು. ಬಾಯಿಂದ ಮಾಡುವುದು ಬೇರೆ, ಒಳಗಿನಿಂದ ಮಾಡುವುದು ಬೇರೆ ಎಂದರು. ಮುಗಿದ ಮೇಲೆ, "ಈಗ ಎಲ್ಲರೂ ಮಂಡಿಯೂರಿ ಮೌನವಾಗಿ ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳೋಣ" ಎಂದರು. ನಾನು ಮಂಡಿಯೂರಿದೆ. ನನ್ನ ಮುಂದಿನ ಬೆಂಚಿನ ಬೆನ್ನಿಗೆ ಹಣೆ ಆನಿಸಿದೆ. ಮರ ತಣ್ಣಗಿತ್ತು. ಫ್ಯಾನಿನ ಗಾಳಿ ಕತ್ತಿಗೆ ಹಿತವಾಗಿ ಬೀಸುತ್ತಿತ್ತು. ಪರೀಕ್ಷೆ ಶುರುವಾಗುವ ಮೊದಲೇ ನಾನು ಹೊರಟುಹೋಗಿದ್ದೆ.

ಆಮೇಲೆ ನಡೆದದ್ದನ್ನು ನಾನು ವಿಡಿಯೋದಲ್ಲಿ ನೋಡಿ ತಿಳಿದುಕೊಂಡೆ. ಎಲ್ಲರೂ ಎದ್ದರು. ನಾನು ಏಳಲಿಲ್ಲ. ಕೀರ್ತನೆ ಹಾಡಿದರು. ಏಳಲಿಲ್ಲ. ಅಯ್ಯನವರು ಆಶೀರ್ವಾದ ಹೇಳುವಾಗ ನನ್ನನ್ನು ನೋಡಿ ದನಿ ತಗ್ಗಿಸಿದರು. ಜಯರಾಜ್ ಸರ್ ನಿಧಾನವಾಗಿ ಕ್ಯಾಮೆರಾವನ್ನು ನನ್ನ ಬೆನ್ನಿನ ಮೇಲೆ ತಂದು ನಿಲ್ಲಿಸಿದರು. ಜನ ಚಪ್ಪಲಿ ಸದ್ದಾಗದಂತೆ ತುದಿಗಾಲಲ್ಲಿ ಹೊರಗೆ ಹೋದರು. ಮಹಿಳಾ ಸಂಘದ ಇಬ್ಬರು ಕಣ್ಣೊರೆಸಿಕೊಂಡರು. ಒಟ್ಟು ಇಪ್ಪತ್ತೆರಡು ನಿಮಿಷ. ಕೊನೆಗೆ ಯಾರೋ ಫ್ಯಾನು ಆರಿಸಿದ್ದರಿಂದ ಸೆಕೆಗೆ ಎಚ್ಚರವಾಯಿತು. ತಲೆ ಎತ್ತಿದರೆ ಹಣೆಯ ಮೇಲೆ ಬೆಂಚಿನ ಅಂಚಿನ ಕೆಂಪು ಬರೆ, ಆಕಳಿಸಿ ಆಕಳಿಸಿ ಕಣ್ಣ ತುಂಬ ನೀರು.

ಅಯ್ಯನವರು ಹೆಗಲ ಮೇಲೆ ಕೈಯಿಟ್ಟು, "ಏನು ಶಾಂತಣ್ಣ, ದೇವರು ಏನಾದ್ರೂ ಮಾತಾಡಿದ್ರಾ?" ಎಂದು ಮೆಲ್ಲಗೆ ಕೇಳಿದರು.

"ಅಯ್ಯೋ, ಅಂಥದ್ದೇನೂ ಇಲ್ಲ ಅಯ್ಯನೋರೆ" ಎಂದೆ.

"ನೋಡಿದ್ರಾ ವಿನಯಾನ?" ಎಂದು ಅವರು ಪಕ್ಕದವರ ಕಡೆ ತಿರುಗಿದರು.

ಇದೇ ನನ್ನ ಅವನತಿಯ ಆರಂಭ. ನಾನು ಇಲ್ಲ ಎಂದಷ್ಟೂ ನನ್ನ ವಿನಯ ಹೆಚ್ಚುತ್ತಾ ಹೋಯಿತು. ಸಂಜೆಯೊಳಗೆ ಚರ್ಚಿನ ವಾಟ್ಸಾಪ್ ಗ್ರೂಪಿನಲ್ಲಿ ನನ್ನ ಬೆನ್ನು ಬಂತು, ಹಿನ್ನೆಲೆಗೆ ಕೊಳಲು ಸೇರಿಸಿದ್ದರು. ಕೆಳಗೆ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ಅವತ್ತು ಚರ್ಚಿಗೆ ಬಂದಿರದ ಕರುಣಾ ಅದನ್ನು ಎರಡು ಸಲ ನೋಡಿ, "ಏನ್ರೀ, ಗೊರಕೆ ಹೊಡೆಯೋದಕ್ಕೆ ಯಾವಾಗಿಂದ ಧ್ಯಾನ ಅಂತ ಹೆಸರಾಯ್ತು?" ಎಂದಳು. ನನಗೆ ನಿದ್ದೆಯಲ್ಲಿ ಬಲ ಭುಜ ಏರಿಳಿಯುವ ಅಭ್ಯಾಸವಿದೆ, ಇಪ್ಪತ್ತೇಳು ವರ್ಷದಿಂದ ಅವಳು ನೋಡಿಕೊಂಡೇ ಬಂದಿದ್ದಾಳೆ. ಆ ಭುಜ ಏರಿಳಿದದ್ದನ್ನೇ ಗ್ರೂಪಿನವರು ಬಿಕ್ಕಿ ಬಿಕ್ಕಿ ಅತ್ತದ್ದು ಎಂದು ಓದಿಕೊಂಡಿದ್ದರು.

"ನಾಳೆ ಎಲ್ಲರಿಗೂ ನಿಜ ಹೇಳಿಬಿಡ್ತೀನಿ" ಎಂದೆ.

"ಹೇಳಿ ಹೇಳಿ" ಎಂದಳು ಕರುಣಾ. ಆದರೆ ಬುಧವಾರ ಮಹಿಳಾ ಸಂಘದಲ್ಲಿ ಅವಳಿಗೆ ಮುಂದಿನ ಕುರ್ಚಿ ಕೊಟ್ಟರಂತೆ. ಮನೆಗೆ ಬಂದವಳು ಆ ಮಾತೇ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮುಂದಿನ ಭಾನುವಾರ ನನಗೆಂದೇ ಆ ತುದಿಯ ಜಾಗ ಬಿಟ್ಟಿದ್ದರು. ಮೌನ ಪ್ರಾರ್ಥನೆಗೆ ನಾನು ಮಂಡಿಯೂರಿದೆ, ಹಣೆ ಆನಿಸಿದೆ. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆಯಾಗಿತ್ತು, ಹಾಳಾದ್ದು ಕಣ್ಣು ಹತ್ತಲೇ ಇಲ್ಲ. ಎಲ್ಲರೂ ಎದ್ದದ್ದು ಕೇಳಿಸಿತು. ನಾನೂ ಏಳಬಹುದಿತ್ತು. ಆದರೆ ಕ್ಯಾಮೆರಾದ ಸ್ಟ್ಯಾಂಡು ನನ್ನ ಕಡೆ ತಿರುಗಿ ಕಿರ್ರೆಂದಿತು. ನಾನು ಭುಜವನ್ನು ಸ್ವಲ್ಪ ಅಲುಗಿಸಿದೆ. ಹೌದು, ಅಲುಗಿಸಿದೆ. ನೆಲದ ಹಾಸುಗಲ್ಲುಗಳನ್ನು ಎಣಿಸುತ್ತಾ, ಮನೆಯಲ್ಲಿ ನೆನೆಸಿಟ್ಟ ಮಾಂಸದ ಬಗ್ಗೆ ಯೋಚಿಸುತ್ತಾ, ಹದಿನೆಂಟು ನಿಮಿಷ ತಳ್ಳಿದೆ. ಅದಕ್ಕೆ ಹೋಲಿಸಿದರೆ ಹಿಂದಿನ ವಾರದ ನಿದ್ದೆಯೇ ವಾಸಿ, ಅದರಲ್ಲಿ ಮೋಸವಿರಲಿಲ್ಲ.

ನನ್ನ ಭಕ್ತಿ ಅಂಟುರೋಗದಂತೆ ಹರಡಿತು. ನಿವೃತ್ತ ಹೆಡ್‌ಮಾಸ್ಟರ್ ಎಬಿನೇಜರ್ ಅವರು ಚರ್ಚಿನ ಹಿರಿಯರು, ಎರಡೂ ಮಂಡಿ ಸವೆದವರು. ಒಬ್ಬ ಸ್ಟೋರ್ ಕೀಪರ್ ತಮ್ಮನ್ನು ಮೀರಿಸುವುದು ಅವರಿಗೆ ಹಿಡಿಸಲಿಲ್ಲವೆಂದು ಕಾಣುತ್ತದೆ. ಮೂರನೆಯ ವಾರ ಅವರೂ ಮಂಡಿಯೂರಿ ಏಳಲಿಲ್ಲ. ನಾನು ಒಂದು ಕಣ್ಣು ಬಿಟ್ಟು ಅವರನ್ನು ನೋಡಿದೆ. ಅವರೂ ಒಂದು ಕಣ್ಣು ಬಿಟ್ಟು ನನ್ನನ್ನು ನೋಡುತ್ತಿದ್ದರು. ಇಬ್ಬರೂ ತಟ್ಟನೆ ಮುಚ್ಚಿಕೊಂಡೆವು. ಅವತ್ತು ಅರ್ಧ ಗಂಟೆಯಾಯಿತು. ಅವರನ್ನು ಎತ್ತಲು ಇಬ್ಬರು ಬೇಕಾಯಿತು. ನಾಲ್ಕನೆಯ ವಾರ ನನಗೆ ದಿಂಬು ಬಂತು. ಜೊತೆಗೆ ಅಯ್ಯನವರು, ಬರುವ ಶುಕ್ರವಾರದ ಉಪವಾಸ ಪ್ರಾರ್ಥನೆಯಲ್ಲಿ 'ನಿಜವಾದ ಆರಾಧನೆ: ನನ್ನ ಅನುಭವ' ಎಂದು ಶಾಂತಣ್ಣ ಸಾಕ್ಷಿ ಹೇಳುತ್ತಾರೆ ಎಂದು ಪ್ರಕಟಿಸಿದರು. ನಾನು ಕೈ ಮುಗಿದೆ. ಒಳಗೊಳಗೆ ಮಾತುಗಳನ್ನು ಜೋಡಿಸುತ್ತಲೂ ಇದ್ದೆ, ಸುಳ್ಳು ಯಾಕೆ ಹೇಳಲಿ.

ಗುರುವಾರ ಕಾರ್ಖಾನೆಗೆ ರಜೆಯಿತ್ತು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ರಾಹೇಲಮ್ಮ ಮನೆಗೆ ಬಂದರು. ಮಾಕಳಿಯವರು, ಎಪ್ಪತ್ತರ ಆಸುಪಾಸು. ಪ್ರತಿ ಭಾನುವಾರ ಎರಡು ಬಸ್ಸು ಬದಲಿಸಿ ಮತ್ತಿಕೆರೆಗೆ ಬಂದು, ತಮ್ಮ ಹಿತ್ತಲಿನ ಹೂವನ್ನು ಬಲಿಪೀಠದ ಹತ್ತಿರ ಇಟ್ಟು, ಯಾರ ಜೊತೆಯೂ ಹೆಚ್ಚು ಮಾತಾಡದೆ ಹೋಗುವ ಹೆಂಗಸು. ಹೋದ ವರ್ಷ ಅವರ ಗಂಡ ತೀರಿಕೊಂಡಿದ್ದರು. ಮಣ್ಣಿಗೆ ನಾವೂ ಹೋಗಿದ್ದೆವು. ಕರುಣಾ ಕಾಫಿ ಕೊಟ್ಟಳು. ರಾಹೇಲಮ್ಮ ಸೆರಗಿನಲ್ಲಿ ಲೋಟ ಹಿಡಿದು ಕುರ್ಚಿಯ ತುದಿಯಲ್ಲಿ ಕೂತರು.

"ನನಗೋಸ್ಕರ ಒಂದ್ ಪ್ರಾರ್ಥನೆ ಮಾಡ್ಬೇಕಲ್ಲಪ್ಪ ಶಾಂತಪ್ಪ" ಎಂದರು.

ಆ ತಿಂಗಳಲ್ಲಿ ಹೀಗೆ ಕೇಳಿ ಬಂದವರಲ್ಲಿ ಅವರು ಏಳನೆಯವರೋ ಎಂಟನೆಯವರೋ. ನಾನು ಆಗಲೇ ದನಿ ತಗ್ಗಿಸಿ, ಕಣ್ಣು ಅರ್ಧ ಮುಚ್ಚಿ, "ಹೇಳಿ ರಾಹೇಲಮ್ಮ, ಏನು ಭಾರ?" ಎಂದೆ. ಈ 'ಭಾರ' ಎಂಬ ಮಾತನ್ನು ನಾನು ಇತ್ತೀಚೆಗೆ ಬಳಸಲು ಕಲಿತಿದ್ದೆ.

"ನಿದ್ದೆ ಬರಾಕಿಲ್ಲ ಕಣಪ್ಪ" ಎಂದರು. "ಅವ್ರು ಓದಾಗಿಂದ ಒಂದ್ ದಿನಾನೂ ನೆಟ್ಟಗೆ ನಿದ್ದೆ ಇಲ್ಲ. ಡಾಕ್ಟ್ರು ಮಾತ್ರೆ ಕೊಟ್ರು. ತಲೆ ತಿರುಗ್ತದೆ, ನಿದ್ದೆ ಬರಾಕಿಲ್ಲ. ಮಲಗಿದ್ರೆ ಪಕ್ಕದಾಗೆ ಅವ್ರ ಉಸಿರು ಕೇಳಾಕಿಲ್ವಲ್ಲ, ಅದೇ ಕೇಳ್ತಾ ಇದ್ದಂಗೆ ಆಯ್ತದೆ. ಎದ್ದು ಕೂತ್ಕಂತೀನಿ. ಇಂಗೇ ಬೆಳಗಾಯ್ತದೆ."

ಅವರ ಕಣ್ಣ ಕೆಳಗಿನ ಚರ್ಮ ಕಪ್ಪಗೆ ಜೋತುಬಿದ್ದಿತ್ತು. ಇಷ್ಟು ಬಳಲಿದ ಮುದುಕಿ ಬಿಸಿಲಿನಲ್ಲಿ ಬಸ್ಸು ಹಿಡಿದು ಬಂದದ್ದು ನನ್ನ ಅಲುಗುವ ಭುಜವನ್ನು ನಂಬಿ. ನನಗೆ ನಾಚಿಕೆಯಾಯಿತು. ಜೊತೆಗೆ ಹೆದರಿಕೆಯೂ ಆಯಿತು, ಯಾಕೆಂದರೆ ನಾನೀಗ ನಿಜವಾಗಿ ಪ್ರಾರ್ಥಿಸಬೇಕಾಗಿತ್ತು, ಅದು ನನಗೆ ಬರುತ್ತದೋ ಇಲ್ಲವೋ ನನಗೇ ಗೊತ್ತಿರಲಿಲ್ಲ.

"ರಾಹೇಲಮ್ಮ, ನನ್ನನ್ನ ಕ್ಷಮಿಸಿ" ಎಂದೆ. "ಅವತ್ತು ಚರ್ಚಲ್ಲಿ ನಾನು ಪ್ರಾರ್ಥನೆ ಮಾಡ್ತಿರ್ಲಿಲ್ಲ. ನಿದ್ದೆ ಹೊಡೀತಿದ್ದೆ. ಆಮೇಲಿನ ವಾರಗಳಲ್ಲಿ ಮಾಡಿದ್ದೆಲ್ಲ ಬರೀ ನಾಟಕ. ನೀವು ಅಯ್ಯನೋರ ಹತ್ರ ಹೋಗಿ."

ಅಡುಗೆಮನೆಯಲ್ಲಿ ಪಾತ್ರೆ ಸದ್ದು ನಿಂತಿತು. ರಾಹೇಲಮ್ಮ ಕಾಫಿ ಕುಡಿದು ಮುಗಿಸಿ ಲೋಟ ಕೆಳಗಿಟ್ಟರು.

"ಗೊತ್ತಪ್ಪ" ಎಂದರು. "ನಾನು ನಿನ್ನ ಇಂದ್ಗಡೆ ಬೆಂಚಲ್ಲೇ ಇದ್ನಲ್ಲ. ಗೊರಕೆ ಕೇಳಿಸ್ತು."

"ಮತ್ತೆ?"

"ಮತ್ತೇನು, ಅದುಕ್ಕೇ ಬಂದಿದ್ದು. ಪ್ರಾರ್ಥನೆ ಮಾಡೋರು ಬೇಕಾದಷ್ಟ್ ಜನ ಅವ್ರೆ. ದೇವ್ರ ಮುಂದೆ ಅಂಗೆ ನಿದ್ದೆ ಮಾಡ್ದೋನ್ನ ನಾನು ನೋಡೇ ಇರ್ಲಿಲ್ಲ. ಎಷ್ಟು ಚೆನ್ನಾಗಿ ಮಲಗಿದ್ದೆ ಗೊತ್ತಾ? ಕೂಸು ಮಲಗ್ದಂಗೆ. ನೋಡಿ ಒಟ್ಟೆಕಿಚ್ಚಾಯ್ತು. ನಿಂಗೆ ದೇವ್ರು ಕೊಟ್ನಲ್ಲ, ನಂಗೂ ಒಂದೀಟು ಕೊಡು ಅಂತ ಕೇಳಪ್ಪ. ನಾನು ಕೇಳಿ ಕೇಳಿ ಸಾಕಾಯ್ತು."

ನಾನು ಕಣ್ಣು ಮುಚ್ಚಿದೆ. ಶುಕ್ರವಾರಕ್ಕೆಂದು ಜೋಡಿಸಿಟ್ಟಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ದೇಶವನ್ನಾಳುವವರು ನೆನಪಾಗಲಿಲ್ಲ, ನೆಂಟರ ಪಟ್ಟಿ ನೆನಪಾಗಲಿಲ್ಲ. "ಸ್ವಾಮಿ, ಈ ಅಮ್ಮನಿಗೆ ನಿದ್ದೆ ಕೊಡು" ಎಂದೆ. ಮುಂದೆ ಏನೂ ಹೊಳೆಯಲಿಲ್ಲ. ಅದನ್ನೇ ಇನ್ನೊಂದು ಸಲ ಹೇಳಿದೆ. ಕಣ್ಣಲ್ಲಿ ನೀರು ತುಂಬಿತು. ಈ ಸಲ ಆಕಳಿಸಿರಲಿಲ್ಲ. ರಾಹೇಲಮ್ಮ ಆಮೆನ್ ಎಂದು ಎದ್ದು, "ಸಾಕು ಕಣಪ್ಪ, ಬಸ್ಸಿಗೆ ಒತ್ತಾಯ್ತು" ಎಂದು ಹೊರಟೇಬಿಟ್ಟರು.

ಶುಕ್ರವಾರ ನಾನು ಎಲ್ಲರೆದುರಿಗೆ ನಿಂತು ನಡೆದದ್ದು ನಡೆದ ಹಾಗೆ ಹೇಳಿದೆ. ಕ್ರಿಕೆಟ್ಟಿನಿಂದ ಶುರು ಮಾಡಿ ಭುಜ ಅಲುಗಿಸಿದ್ದರವರೆಗೆ ಏನನ್ನೂ ಬಿಡಲಿಲ್ಲ. ಕೀಬೋರ್ಡಿನವರು ರೂಢಿಯಂತೆ ನನ್ನ ಮಾತಿನಡಿಯಲ್ಲಿ ಮೆಲ್ಲಗೆ ನುಡಿಸುತ್ತಿದ್ದವರು 'ಗೊರಕೆ' ಎಂಬಲ್ಲಿ ಕೈ ತೆಗೆದರು. ಆಮೇಲೆ ಎಬಿನೇಜರ್ ಅವರು ಬೆಂಚು ಹಿಡಿದು ಕಷ್ಟಪಟ್ಟು ಎದ್ದು ನಿಂತರು.

"ಹಂಗಾದ್ರೆ ನಾನ್ ಯಾಕ್ರೀ ಎರಡು ವಾರ ಮಂಡಿ ಊರಿದ್ದು?" ಎಂದರು.

ಅದು ನನ್ನನ್ನು ಕೇಳಿದ ಪ್ರಶ್ನೆ. ಆದರೆ ಕೇಳಿದ ಮೇಲೆ ಅವರೇ ಸ್ವಲ್ಪ ಹೊತ್ತು ಬಾಯಿ ತೆರೆದುಕೊಂಡು ನಿಂತಿದ್ದರು, ಯಾರೋ ತಮ್ಮನ್ನೇ ಕೇಳಿದ ಹಾಗೆ. ಮತ್ತೆ ಮೆಲ್ಲಗೆ ಕೂತರು. ಅಯ್ಯನವರು ಹಿಂದಕ್ಕೆ ತಿರುಗಿ, "ಜಯರಾಜ್ ಸರ್, ಇವತ್ತಿಗೆ ಅದನ್ನ ಆಫ್ ಮಾಡಿ" ಎಂದರು. ಜಯರಾಜ್ ಸರ್ ಆಫ್ ಮಾಡಿದರು. ನಮ್ಮ ಜನ ಇದರಿಂದ ಒಂದೇ ದಿನಕ್ಕೆ ಸುಧಾರಿಸಿದರು ಎಂದು ಬರೆದರೆ ನೀವು ನಂಬುವುದಿಲ್ಲ, ನಾನೂ ಬರೆಯುವುದಿಲ್ಲ. ಮುಂದಿನ ಭಾನುವಾರ ಕ್ಯಾಮೆರಾ ಮತ್ತೆ ಶುರುವಾಯಿತು, ರೇಷ್ಮೆ ಸೀರೆಗಳು ಎಡಕ್ಕೇ ಕೂತವು. ಮಹಿಳಾ ಸಂಘದ ಒಂದು ಪಂಗಡ ನನ್ನ ಮಾತನ್ನು ಕೇಳಿ, ಇಂಥ ವಿನಯವನ್ನು ಕಂಡೇ ಇಲ್ಲ ಎಂದು ಇನ್ನೂ ಹೊಗಳುತ್ತಿದೆ. ಇನ್ನೊಂದು ಪಂಗಡ ದಿಂಬು ವಾಪಸ್ ಕೇಳಬೇಕೆಂದು ಠರಾವು ಮಾಡಿದೆಯಂತೆ. ಯಾರೂ ಬಂದು ಕೇಳಿಲ್ಲ.

ಆ ಭಾನುವಾರ ನಾನು ಬಲಗಡೆ ನೈಲಾನುಗಳ ಸಾಲಿನಲ್ಲಿ ಕೂತೆ. ಆರಾಧನೆ ಮುಗಿದ ಮೇಲೆ ರಾಹೇಲಮ್ಮನನ್ನು ಹುಡುಕಿಕೊಂಡು ಹೋಗಿ, "ನಿದ್ದೆ ಬಂತಾ?" ಎಂದು ಕೇಳಿದೆ.

"ಇಲ್ಲ ಕಣಪ್ಪ" ಎಂದರು. "ನೀನ್ ಕೇಳ್ತಾ ಇರು."

ಅಂದಿನಿಂದ ಕೇಳುತ್ತಿದ್ದೇನೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ, ಹಿತ್ತಲ ಬಾಗಿಲಲ್ಲಿ ನಿಂತು, ಕಾಲಿಗೆ ಶೂ ಹಾಕಿಕೊಂಡೇ ಕೇಳುತ್ತೇನೆ. ಮಂಡಿಯೂರುವುದಿಲ್ಲ, ಕಣ್ಣು ಮುಚ್ಚುವುದೂ ಕಡಿಮೆ. ಪಕ್ಕದ ಮನೆಯವರ ಒಗೆದ ಬಟ್ಟೆ, ನೀರಿನ ಟ್ಯಾಂಕು ನೋಡಿಕೊಂಡೇ ಆ ಒಂದು ವಾಕ್ಯ ಹೇಳಿ ಬಸ್ಸಿಗೆ ಓಡುತ್ತೇನೆ. ಇದು ನಿಜವಾದ ಆರಾಧನೆಯೋ ಅಲ್ಲವೋ ಅಯ್ಯನವರನ್ನು ಕೇಳಿಲ್ಲ. ಕೇಳಿದರೆ ಸಾಕ್ಷಿ ಹೇಳಿ ಎಂದಾರು ಎಂಬ ಭಯ.

ಮೊನ್ನೆ ಭಾನುವಾರ ರಾಹೇಲಮ್ಮ ತಾವಾಗಿಯೇ ನನ್ನ ಹತ್ತಿರ ಬಂದು, "ನೆನ್ನೆ ಎರಡು ಗಂಟೆ ಬಂತು ಕಣಪ್ಪ" ಎಂದು ನಕ್ಕರು. ನನಗೆ ಎಷ್ಟು ಸಂತೋಷವಾಯಿತೆಂದರೆ ಅಲ್ಲಿ ನಿಲ್ಲಲಾಗದೆ ಹೊರಗೆ ಹೋಗಿ ಗೇಟಿನ ಹತ್ತಿರ ನಿಂತುಬಿಟ್ಟೆ. ಆದರೆ ಮನೆಗೆ ಬಂದ ಮೇಲೆ ಯೋಚಿಸಿದರೆ, ಒಂದು ವರ್ಷ ನಿದ್ದೆಗೆಟ್ಟವರಿಗೆ ಎರಡು ಗಂಟೆ ಯಾವ ಮೂಲೆಗೆ? ಮಾರನೆಯ ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ನಿಂತು ಆ ಬಗ್ಗೆ ದೇವರ ಜೊತೆ ಸ್ವಲ್ಪ ಜೋರಾಗಿಯೇ ಜಗಳವಾಡಿದೆ. ಬಸ್ಸು ತಪ್ಪಿತು.